ಕೊನೆ ಅಧ್ಯಾಯದಲ್ಲಿ 'ಯಾಕೆ' ಅಂತ ಹೇಳ್ಬೇಕಾ, ಬೇಡ್ವಾ?

ಮಸಿಕುಡಿಕೆ
ಎಲ್ಲರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಆಗತ್ತೆ ಸಹಿಸ್ಕೊಳ್ಳಿ. ಎರಡು ವರ್ಷದಿಂದ ಒಂದು ಕಾದಂಬರಿ ಬರೀತಿದೀನಿ, 260 ಪುಟ ಆಗಿ ಕೊನೆ ಅಧ್ಯಾಯದ ಹತ್ರ ಬಂದು ಗಾಡಿ ಕೆಟ್ಟು ನಿಂತಿದೆ. ಕಥೆ ಇಷ್ಟೇ. ಐದು ಜನ ಫ್ರೆಂಡ್ಸ್, ಅದ್ರಲ್ಲಿ ಒಬ್ಬಳು 24ನೇ ವಯಸ್ಸಲ್ಲಿ ಆತ್ಮಹತ್ಯೆ ಮಾಡ್ಕೋತಾಳೆ. ಚೀಟಿ ಇಲ್ಲ, ಜಗಳ ಇಲ್ಲ, ಹಿಂದಿನ ದಿನ ಗ್ರೂಪಲ್ಲಿ ನಗೋ ಇಮೋಜಿ ಹಾಕಿದಾಳೆ. ಎಂಟು ತಿಂಗಳಾದ್ಮೇಲೆ ಉಳಿದ ನಾಲ್ಕು ಜನ 'ಯಾಕೆ' ಅಂತ ಹುಡುಕೋಕೆ ಹೊರಡ್ತಾರೆ. ಒಬ್ಬ ಅವಳ ಆಫೀಸಿಗೆ, ಒಬ್ಬಳು ಅವಳ ಹಳೇ ಹುಡುಗನ ಹತ್ರ, ಒಬ್ಬಳು ಅವಳ ಅಮ್ಮನ ಹತ್ರ, ಇನ್ನೊಬ್ಬ ಅವಳ ಫೋನಿನ ಹಿಂದೆ. ಕೊನೆಗೆ ಫೋನ್ ಓಪನ್ ಆಗತ್ತೆ, ಅದ್ರಲ್ಲಿ ಟೈಪ್ ಮಾಡಿ ಕಳಿಸದೇ ಬಿಟ್ಟ ಒಂದು ಮೆಸೇಜ್ ಇರತ್ತೆ.

ನನ್ ಹತ್ರ ಎರಡು ಡ್ರಾಫ್ಟ್ ಇದೆ. ಒಂದರಲ್ಲಿ ಆ ಮೆಸೇಜಲ್ಲಿ ಕಾರಣ ಇದೆ. ಇನ್ನೊಂದರಲ್ಲಿ ಫೋನೇ ಓಪನ್ ಆಗಲ್ಲ, ನಾಲ್ಕೂ ಜನ ಸುಮ್ನೆ ವಾಪಸ್ ಹೋಗ್ತಾರೆ. ಯಾವ್ದು ಇಟ್ಕೊಳ್ಳಲಿ? ಎಡಿಟರ್ ಒಬ್ರು ಮೊದಲನೇದು ಅಂತಾರೆ, ನನ್ನ ತಂಗಿ ಎರಡನೇದು ಅಂತಾಳೆ, ನನಗೆ ಎರಡೂ ಸುಳ್ಳು ಅನ್ನಿಸ್ತಿದೆ.

ಅರ್ಧಓದು
ಮೊದಲನೇದು. ಯೋಚನೆನೇ ಬೇಡ. 260 ಪುಟ ಓದುಗನ್ನ ಓಡಿಸಿ ಕೊನೆಗೆ 'ಗೊತ್ತಾಗ್ಲಿಲ್ಲ' ಅಂದ್ರೆ ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಕೂಡ ಅಲ್ಲ, ಇಲೀನೂ ಇಲ್ಲ ಅಲ್ಲಿ. ನಾಲ್ಕು ಜನ ನಾಲ್ಕು ಕಡೆ ಹೋಗ್ತಾರೆ ಅಂದಾಗ್ಲೇ ನೀವು ಪತ್ತೇದಾರಿ ಕಥೆಯ ಮಾತು ಕೊಟ್ಟಾಗಿದೆ ಮೇಡಂ, ಕೊಟ್ಟ ಮಾತು ಉಳಿಸ್ಕೊಳ್ಳಿ. ಈಗೀಗ ಎಲ್ಲ ಸಾಹಿತಿಗಳಿಗೂ ಕೊನೆ ಬಿಟ್ಟುಬಿಡೋದು ಒಂದು ಫ್ಯಾಷನ್ ಆಗಿದೆ, ಬರೆಯೋಕೆ ಬರ್ಲಿಲ್ಲ ಅಂದ್ರೆ 'ಓದುಗನ ಊಹೆಗೆ ಬಿಟ್ಟಿದೀನಿ' ಅನ್ನೋದು.

ಹಗಲುಗೂಬೆ
@ಅರ್ಧಓದು ಪತ್ತೇದಾರಿ ಕಥೇಲಿ ಕೊಂದೋನು ಒಬ್ಬ ಇರ್ತಾನೆ ಸರ್, ಕೊನೆ ಪುಟದಲ್ಲಿ ಅವನನ್ನ ಹಿಡಿಬಹುದು. ಇಲ್ಲಿ ಹಿಡಿಯೋದು ಯಾರನ್ನ? ನಾನು ಕೌನ್ಸೆಲಿಂಗ್ ಫೀಲ್ಡಲ್ಲಿ ಇರೋಳು, ಹಾಗಾಗಿ ಒಂದು ಮಾತು. 'ಇದೊಂದೇ ಕಾರಣಕ್ಕೆ' ಅನ್ನೋ ಆತ್ಮಹತ್ಯೆ ಕಾದಂಬರೀಲಿ, ಪೇಪರಲ್ಲಿ ಸಿಗತ್ತೆ, ಜೀವನದಲ್ಲಿ ಬಹಳ ಅಪರೂಪ. ಖಿನ್ನತೆ, ಹಳೇ ಗಾಯ, ನಿದ್ದೆ ಇಲ್ಲದ ವಾರಗಳು, ಸಾಲ, ಒಂಟಿತನ, ಯಾವ್ದೋ ಒಂದು ಕೆಟ್ಟ ಸಂಜೆ, ಎಲ್ಲಾ ಒಂದರ ಮೇಲೊಂದು ಬಿದ್ದಿರತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಮಾಡಿರೋ ಸೂಚನೆಗಳಲ್ಲಿ ಒಂದೇ ಕಾರಣಕ್ಕೆ ಇಳಿಸಿ ಬರೀಬೇಡಿ ಅಂತ ಇದೆ. ಆ ಮೆಸೇಜಲ್ಲಿ ಕಾರಣ ಬರೆದ ಕ್ಷಣ ನಿಮ್ಮ ಕಾದಂಬರಿ ಅವಳ ಇಡೀ 24 ವರ್ಷಾನ ಎರಡು ಸಾಲಿಗೆ ಇಳಿಸಿಬಿಡತ್ತೆ.

ಗಾಳಿಮಾತು
ಒಂದ ಮಾತ ಕೇಳ್ತೀನ್ರಿ ಬ್ಯಾಸರಾ ಮಾಡ್ಕೋಬ್ಯಾಡ್ರಿ. ಪೋಸ್ಟ್ ಎರಡ ಸಲ ಓದ್ದೆ. ಆಫೀಸ್ ಅದ, ಹಳೇ ಹುಡುಗ ಅದಾನ, ಅಮ್ಮ ಅದಾರ, ಫೋನ್ ಅದ. ಆ ಹುಡುಗಿ ಎಲ್ಲಿ? ಆಕಿ ಏನ ಕೇಳಿದ್ರ ನಗ್ತಿದ್ಲು, ಯಾರ ಮ್ಯಾಲ ಸಿಟ್ಟಾಗ್ತಿದ್ಲು, ಯಾರ ಕಡೆ ರೊಕ್ಕಾ ಇಸ್ಕೊಂಡು ಕೊಟ್ಟಿಲ್ಲ, ಒಂದೂ ಇಲ್ಲ. ಸತ್ತಾಕಿ ಅಂದ್ರ ಕಥಿಗೆ ಒಂದು ಗೂಟ ಆಗ್ಯಾಳ, ಉಳದವರ ದುಃಖದ ಅರಿವಿ ತೂಗ ಹಾಕ್ಲಿಕ್ಕೆ. ಮತ್ತ ಯಾವಾಗ್ಲೂ ಹುಡುಗೀನೇ ಯಾಕ, ಅದೂ ಸಣ್ಣ ವಯಸ್ಸಿನಾಕಿ, ಚಂದ ಇರಾಕಿ, ಸ್ವಲ್ಪ ನಿಗೂಢ ಇರಾಕಿ? ಐವತ್ತು ವರ್ಷದ ಬೋಳತಲಿ ಗುಮಾಸ್ತ ಸತ್ರ ನಾಲ್ಕ ಮಂದಿ ಗೆಳ್ಯಾರು ಹುಡಕ್ಲಿಕ್ಕೆ ಹೊಂಡೂದಿಲ್ಲೇನು?

ಮಸಿಕುಡಿಕೆ
@ಗಾಳಿಮಾತು ಅಯ್ಯೋ. ಇದು ನಾಟಿತು. ನಿಜ ಹೇಳ್ಬೇಕು ಅಂದ್ರೆ ಅವಳು ಬದುಕಿರೋ ದೃಶ್ಯ 260 ಪುಟದಲ್ಲಿ ಆರು ಪುಟ ಇರಬಹುದು ಅಷ್ಟೇ, ಅದ್ರಲ್ಲೂ ಮೂರು ಸಲ ಅವಳು ಕಿಟಕಿ ಹೊರಗೆ ನೋಡ್ತಾ ಇರ್ತಾಳೆ. ಈಗ ಎಣಿಸ್ದೆ. ನಾಚಿಕೆ ಆಗ್ತಿದೆ.

ಅರ್ಧಓದು
ಕಿಟಕಿ ಹೊರಗೆ ನೋಡೋ ಹುಡುಗಿ 😄 ಅದನ್ನ ಮೊದ್ಲು ತೆಗೀರಿ.

ಆದ್ರೆ ನನ್ನ ಪಾಯಿಂಟ್ ಹಾಗೇ ಇದೆ. ಹಗಲುಗೂಬೆ ಮೇಡಂ ಹೇಳೋದು ಪೇಪರ್ ವರದಿಗೆ ಸರಿ. ಕಾದಂಬರಿ ವರದಿ ಅಲ್ಲ. ಕಾದಂಬರಿಕಾರ್ತಿಗೆ ಎಲ್ಲ ಗೊತ್ತಿರಬೇಕು, ಗೊತ್ತಿಲ್ಲ ಅಂದ್ರೆ ಬರೆದಿದ್ದು ಯಾಕೆ. ಇನ್ನು ಈ ಮನಃಶಾಸ್ತ್ರದವರೇ 'ಮಾನಸಿಕ ಶವಪರೀಕ್ಷೆ' ಅಂತ ಮಾಡ್ತಾರಲ್ಲ, ಮನೆಯವರನ್ನ ಸ್ನೇಹಿತರನ್ನ ಕೂರಿಸಿ ಮಾತಾಡಿಸಿ ಸತ್ತವರ ಮನಸ್ಸಲ್ಲಿ ಏನಿತ್ತು ಅಂತ ಕಂಡುಹಿಡಿಯೋದು? ಅದನ್ನೇ ಈ ನಾಲ್ಕು ಜನ ಮಾಡ್ತಿದಾರೆ. ಹಾಗಿದ್ರೆ ಉತ್ತರ ಸಿಗತ್ತೆ ಅಂತ ನಿಮ್ಮ ಫೀಲ್ಡೇ ಒಪ್ಕೊಂಡ ಹಾಗಾಯ್ತಲ್ಲ.

ಹಗಲುಗೂಬೆ
ಒಳ್ಳೇ ಉದಾಹರಣೆ ತಂದ್ರಿ, ಆದ್ರೆ ಅದು ನಿಮ್ಮ ವಿರುದ್ಧಾನೇ ಹೋಗತ್ತೆ. ಆ ಪದ್ಧತಿ ಬೆಳೆಸಿದ್ದು ಎಡ್ವಿನ್ ಶ್ನೈಡ್‌ಮನ್, ನಾರ್ಮನ್ ಫಾರ್ಬರೊ ಮತ್ತೆ ರಾಬರ್ಟ್ ಲಿಟ್‌ಮನ್, 1958ರಲ್ಲಿ ಲಾಸ್ ಏಂಜಲೀಸಲ್ಲಿ ಆತ್ಮಹತ್ಯೆ ತಡೆ ಕೇಂದ್ರ ಶುರು ಮಾಡಿದೋರು. ಅವರ ಹತ್ರ ಶವಪರೀಕ್ಷೆ ಅಧಿಕಾರಿ ಬಂದಿದ್ದು 'ಯಾಕೆ' ಅಂತ ಕೇಳೋಕೆ ಅಲ್ಲ. ಇದು ಆಕಸ್ಮಿಕಾನಾ ಆತ್ಮಹತ್ಯೇನಾ ಅಂತ ಕಾಗದದಲ್ಲಿ ಯಾವ ಖಾನೆಗೆ ಟಿಕ್ ಹಾಕೋದು ಅನ್ನೋದಷ್ಟೇ ಪ್ರಶ್ನೆ. ಅಷ್ಟಕ್ಕೇ ಎಷ್ಟೊಂದು ಜನರನ್ನ ಮಾತಾಡಿಸಬೇಕಾಗ್ತಿತ್ತು.

ಇನ್ನೊಂದು ಮಜಾ ಕೇಳಿ, ಮಜಾ ಅನ್ನಬಾರದು ಅನ್ನಿ. ಇದೇ ಶ್ನೈಡ್‌ಮನ್‌ಗೆ 1949ರಲ್ಲಿ ಒಂದು ಸರ್ಕಾರಿ ದಾಖಲೆ ಕೋಣೇಲಿ ಸತ್ತವರು ಬರೆದಿಟ್ಟ ಚೀಟಿಗಳು ನೂರಾರು ಸಿಕ್ಕವು. ಬೀಗದ ಕೈ ಸಿಕ್ತು ಅಂದ್ಕೊಂಡ. ವರ್ಷಾನುಗಟ್ಟಲೆ ಓದಿದ ಮೇಲೆ ಅವನಿಗೇ ಬೇಜಾರಾಯ್ತು, ಯಾಕಂದ್ರೆ ಎಷ್ಟೋ ಚೀಟಿಗಳು ಬರೀ ಸಾಮಾನ್ಯ ಮಾತು, ಕ್ಷಮಿಸಿ, ಬಿಲ್ ಕಟ್ಟಿ, ಕೀಲಿ ಅಲ್ಲಿದೆ ಅನ್ನೋ ಥರದ್ದು. ಆ ಹೊತ್ತಲ್ಲಿ ಮನಸ್ಸು ಎಷ್ಟು ಕಿರಿದಾಗಿರತ್ತೆ ಅಂದ್ರೆ ತನ್ನನ್ನ ತಾನೇ ವಿವರಿಸ್ಕೊಳ್ಳೋ ಜಾಗ ಅಲ್ಲಿ ಉಳಿದಿರಲ್ಲ ಅಂತ ಅವನ ಅಭಿಪ್ರಾಯ ಆಯ್ತು. ಅಂದಹಾಗೆ ಸಾಯೋರಲ್ಲಿ ಬಹುಪಾಲು ಜನ ಚೀಟಿನೇ ಬರೆದಿಡಲ್ಲ. ಕಥೆಗಳಲ್ಲಿ ಮಾತ್ರ ಎಲ್ಲರೂ ಚೆನ್ನಾಗಿ ಬರೆದಿಟ್ಟು ಹೋಗ್ತಾರೆ, ವ್ಯಾಕರಣ ತಪ್ಪಿಲ್ಲದೆ.

ಹಾಗಾಗಿ ಮಸಿಕುಡಿಕೆ ಅವ್ರೇ, ಆ ಕಳಿಸದ ಮೆಸೇಜ್ ಇದ್ರೂ ಅದ್ರಲ್ಲಿ ಕಾರಣ ಇರೋದು ಅನುಮಾನ.

ಎರಡನೇಬೆಂಚು
ಇಷ್ಟೊತ್ತು ಓದ್ತಾ ಇದ್ದೆ, ಬರೀಬೇಕೋ ಬೇಡ್ವೋ ಅಂತ. ನನ್ನ ಗೆಳತಿ ಒಬ್ಬಳು ಹೀಗೆ ಹೋದ್ಲು, ತುಂಬಾ ವರ್ಷ ಆಯ್ತು. ಅವಳ ಕೊನೆ ಮೆಸೇಜ್ ಏನು ಗೊತ್ತಾ, 'ನಿನ್ ಹತ್ರ ಸ್ಟೇಪ್ಲರ್ ಇದ್ಯಾ?' ನಾನು 'ಇಲ್ಲ ಕಣೇ' ಅಂತ ಹಾಕಿದ್ದೆ. ಅಷ್ಟೇ. ಒಂದು ವರ್ಷ ಪೂರ್ತಿ ನಾನು ಸ್ಟೇಪ್ಲರ್ ಯಾಕೆ ಕೇಳಿದ್ಲು ಅಂತ ಯೋಚ್ನೆ ಮಾಡಿದೀನಿ, ಏನೋ ಕಾಗದ ಜೋಡಿಸ್ತಿದ್ಲಾ, ಏನ್ ಕಾಗದ, ಇದೆ ಅಂದಿದ್ರೆ ನಮ್ಮನೆಗೆ ಬರ್ತಿದ್ಲಾ, ಬಂದಿದ್ರೆ ಕೂತು ಮಾತಾಡ್ತಿದ್ವಾ, ಮಾತಾಡಿದ್ರೆ ಏನಾಗ್ತಿತ್ತು, ಇದೇ ಇದೇ ಸುತ್ತಿ ಸುತ್ತಿ. ಬಹುಶಃ ಅವಳಿಗೆ ನಿಜವಾಗ್ಲೂ ಬರೀ ಸ್ಟೇಪ್ಲರ್ ಬೇಕಿತ್ತು.

ನಿಮ್ಮ ನಾಲ್ಕು ಜನ ಹುಡುಕ್ತಿರೋದು 'ಅವಳು ಯಾಕೆ' ಅಂತ ಅಲ್ಲ. 'ನಾನು ಏನು ಮಾಡಿದ್ದಿದ್ರೆ' ಅಂತ. ಎರಡೂ ಬೇರೆ ಬೇರೆ ಪ್ರಶ್ನೆ. ಮೊದಲನೇದರ ಹೆಸರಲ್ಲಿ ಎರಡನೇದನ್ನ ಕೇಳ್ತಾ ಓಡಾಡ್ತಾರೆ ಅಷ್ಟೇ. ನಾವೂ ಹಾಗೇ ಓಡಾಡಿದ್ವಿ.

ಗಾಳಿಮಾತು
@ಎರಡನೇಬೆಂಚು ಅಕ್ಕಾ, ಏನ್ ಬರೀಬೇಕ ತಿಳೀವಲ್ದು. ಓದೀನಿ.

ಹಗಲುಗೂಬೆ
@ಎರಡನೇಬೆಂಚು ಬರೆದಿದ್ದಕ್ಕೆ ಥ್ಯಾಂಕ್ಸ್. ಆಮೇಲೆ ತಿರುಗಿ ನೋಡಿದಾಗ ಪ್ರತಿಯೊಂದು ಮಾಮೂಲಿ ಮಾತೂ ಸುಳಿವಿನ ಥರ ಕಾಣತ್ತೆ, ಅವತ್ತು ಅದು ಮಾಮೂಲಿ ಮಾತೇ ಆಗಿತ್ತು. ಇದನ್ನ ಎಷ್ಟು ಜನರಿಗೆ ಹೇಳಿದೀನೋ ಲೆಕ್ಕ ಇಲ್ಲ, ಎಷ್ಟು ಜನ ನಂಬಿದಾರೋ ಅದೂ ಗೊತ್ತಿಲ್ಲ.

ಸ್ನೇಹಿತರ ಬಗ್ಗೆ ಒಂದು ಹೇಳ್ಲೇಬೇಕು, ಕಾದಂಬರಿಗೂ ಉಪಯೋಗ ಆಗಬಹುದು. 2018ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದ ಅಂದಾಜು ಪ್ರಕಾರ ಒಂದು ಆತ್ಮಹತ್ಯೆಯ ಸುದ್ದಿ ತಟ್ಟೋದು ಸುಮಾರು 135 ಜನರಿಗೆ. ಮನೆಯವರು ಅದ್ರಲ್ಲಿ ಎಷ್ಟು ಜನ, ಐದು, ಹತ್ತು? ಉಳಿದೋರೆಲ್ಲ ಸ್ನೇಹಿತರು, ಸಹೋದ್ಯೋಗಿಗಳು, ಒಂದೇ ಬೆಂಚಲ್ಲಿ ಕೂತೋರು. ಅವರಿಗೆ ಯಾರೂ ಬಂದು ಸಮಾಧಾನ ಹೇಳಲ್ಲ, ರಜೆ ಕೊಡಲ್ಲ, ಹನ್ನೊಂದರ ದಿನ ಎಲ್ಲಿ ಕೂರಬೇಕು ಅನ್ನೋದೂ ಗೊತ್ತಿರಲ್ಲ. ಕೆನೆತ್ ಡೋಕಾ ಅನ್ನೋರು 1989ರಲ್ಲಿ ಇಂಥ ದುಃಖಕ್ಕೇ ಒಂದು ಹೆಸರು ಇಟ್ರು, ಹಕ್ಕಿಲ್ಲದ ದುಃಖ ಅಂತ ಕನ್ನಡದಲ್ಲಿ ಅನ್ನಬಹುದೇನೋ. ಅಳೋಕೆ ಜಾಗ ಕೊಡದಿದ್ರೆ ಜನ ಬೇರೆ ಕೆಲಸ ಹುಡುಕ್ಕೋತಾರೆ. ನಿಮ್ಮ ನಾಲ್ಕು ಜನ ಪತ್ತೇದಾರರಾಗಿರೋದು ಅದಕ್ಕೇ ಅಂತ ನನಗನ್ನಿಸತ್ತೆ, ಹುಡುಕ್ತಾ ಇದ್ರೆ ಏನೋ ಮಾಡ್ತಿದೀವಿ ಅನ್ನೋ ಸಮಾಧಾನ.

ಮಸಿಕುಡಿಕೆ
ಎಂಟು ತಿಂಗಳು ಬಿಟ್ಟು ಯಾಕೆ ಹೊರಡ್ತಾರೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ, ಸುಮ್ನೆ ಕಥೆಗೆ ಅನುಕೂಲ ಅಂತ ಇಟ್ಟಿದ್ದೆ. ಈಗ ಗೊತ್ತಾಯ್ತು. ಅಷ್ಟೊತ್ತಿಗೆ ಬೇರೆ ಎಲ್ಲರೂ ಅವಳ ಬಗ್ಗೆ ಮಾತಾಡೋದು ನಿಲ್ಸಿರ್ತಾರೆ.

ಅರ್ಧಓದು
@ಎರಡನೇಬೆಂಚು ಕ್ಷಮಿಸಿ, ನಾನು ಗುಡ್ಡ ಇಲಿ ಅಂತೆಲ್ಲ ಬರ್ದಿದ್ದೆ. ಕಥೆ ಅಂತ ಅಷ್ಟೇ ನೋಡಿದ್ದೆ.

ಆದ್ರೂ ವಾದ ಬಿಡಲ್ಲ ನಾನು 🙂 ನೀವು ಹೇಳಿದ್ದನ್ನೇ ತಗೊಂಡ್ರೂ, ಉತ್ತರ ಇಲ್ಲದೆ ನೀವು ಒಂದು ವರ್ಷ ಸುತ್ತಿದ್ರಿ. ಓದುಗನನ್ನೂ ಹಾಗೇ ಸುತ್ತಿಸಿ ಬಿಡೋದು ಕ್ರೂರ ಅಲ್ವಾ? ಜೀವನ ಕೊಡದೇ ಇರೋದನ್ನ ಕಥೆ ಕೊಡಲಿ ಅನ್ನೋದು ತಪ್ಪಾ?

ಎರಡನೇಬೆಂಚು
ತಪ್ಪಲ್ಲ. ಆದ್ರೆ ಅಂಥ ಒಂದು ಕಾದಂಬರಿ ಕೈಗೆ ಸಿಕ್ಕಿದ್ದು ನನಗೆ ಆ ವರ್ಷದಲ್ಲೇ. ಕೊನೇಲಿ ಎಲ್ಲಾ ಗೊತ್ತಾಗತ್ತೆ, ಒಬ್ಬ ಗೆಳೆಯ ಮಾಡಿದ ಒಂದು ತಪ್ಪಿಂದ ಅಂತ. ಮುಚ್ಚಿಟ್ಟು ರಾತ್ರಿ ಎಲ್ಲಾ ಕೂತಿದ್ದೆ, ಹಾಗಿದ್ರೆ ನಮ್ಮಲ್ಲೂ ಯಾರೋ ಒಬ್ರು ಮಾಡಿದಾರೆ, ಅದು ನಾನೇ ಇರಬೇಕು ಅಂತ. ಉತ್ತರ ಸಿಕ್ಕಿದ್ರೆ ಸಮಾಧಾನ ಅಂತೀರಲ್ಲ, ಎಲ್ಲರಿಗೂ ಅಲ್ಲ.

ಖಾಲಿಹಾಳೆ
ಹೊಸ ಐಡಿ ಮಾಡ್ಕೊಂಡು ಬರೀತಿದೀನಿ, ಯಾಕೆ ಅಂತ ಕೇಳ್ಬೇಡಿ ಗೊತ್ತಾಗತ್ತೆ ನಿಮಗೆ. ನೀವೆಲ್ಲ ಈ ಕಡೆ ನಿಂತು ಮಾತಾಡ್ತಿದೀರ. ನಾನು ಸುಮಾರು ವರ್ಷದ ಹಿಂದೆ ಆ ಕಡೆ ತನಕ ಹೋಗಿ ವಾಪಸ್ ಬಂದೋಳು. ಈಗ ಚೆನ್ನಾಗಿದೀನಿ, ಗಾಬರಿ ಬೀಳ್ಬೇಡಿ.

ಅವತ್ತು ಯಾರಾದ್ರೂ 'ಯಾಕೆ' ಅಂತ ಕೇಳಿದ್ರೆ ನಾನು ಒಂದು ಕಾರಣ ಹೇಳ್ತಿದ್ದೆ, ಖಂಡಿತ ಹೇಳ್ತಿದ್ದೆ, ತುಂಬಾ ಸ್ಪಷ್ಟವಾಗಿ. ಒಬ್ಬರ ಹೆಸರು ಹೇಳ್ತಿದ್ದೆ. ಇವತ್ತು ಕೇಳಿದ್ರೆ ಬೇರೆ ಹೇಳ್ತೀನಿ. ಮಧ್ಯದಲ್ಲಿ ಡಾಕ್ಟರ್ ಹತ್ರ ಹೋದಾಗ ಇನ್ನೇನೋ ಹೇಳಿದ್ದೆ. ಮೂರೂ ಸುಳ್ಳಲ್ಲ. ಆದ್ರೆ ಅವತ್ತೇ ನಾನು ಹೋಗಿಬಿಟ್ಟಿದ್ರೆ, ನನ್ನ ಡೈರಿ ಓದಿದೋರು ಆ ಮೊದಲನೇ ಕಾರಣಾನೇ ನಿಜ ಅಂತ ಹಿಡ್ಕೊಂಡು, ಆ ಒಬ್ಬ ಮನುಷ್ಯನ್ನ ಬದುಕಿರೋ ತನಕ ದೂಷಿಸ್ತಿದ್ರು. ಅವನು ಒಳ್ಳೆಯವನೇನಲ್ಲ, ಆದ್ರೆ ಅಷ್ಟು ದೊಡ್ಡ ತಪ್ಪು ಮಾಡಿದೋನೂ ಅಲ್ಲ. ಡೈರೀಲಿ ಇದ್ದಿದ್ದು ಅವತ್ತಿನ ರಾತ್ರಿಯ ನಾನು ಮಾತ್ರ.

ಹಾಗಾಗಿ ಮೇಡಂ, ಮೆಸೇಜಲ್ಲಿ ಕಾರಣ ಇಟ್ರೂ ಇಡಿ, ಆದ್ರೆ ಅದನ್ನ ಓದೋ ನಾಲ್ಕು ಜನರಲ್ಲಿ ಒಬ್ಬರಾದ್ರೂ ನಂಬದೇ ಇರಲಿ.

ನಿರ್ವಾಹಕ
ಖಾಲಿಹಾಳೆ ಅವರೇ, ಇಲ್ಲಿ ಬರೆದಿದ್ದಕ್ಕೆ ಧನ್ಯವಾದ, ನಿಮ್ಮ ಐಡಿ ಬಗ್ಗೆ ಯಾರೂ ಕೇಳಲ್ಲ. ಎಲ್ಲರಿಗೂ ಒಂದು ಮನವಿ, ಈ ಎಳೆಯಲ್ಲಿ ವಿಧಾನದ ಬಗ್ಗೆ ಯಾವುದೇ ವಿವರ ಬರೀಬೇಡಿ, ಕಾದಂಬರಿಯ ದೃಶ್ಯ ಅಂತಾನೂ ಬೇಡ. ಓದ್ತಾ ಯಾರಿಗಾದ್ರೂ ತಮ್ಮದೇ ಏನೋ ಎದ್ದು ಬಂದಿದ್ರೆ ಇಲ್ಲೇ ನಿಲ್ಲಿಸಿ ಹತ್ತಿರದವರಿಗೆ ಒಂದು ಫೋನ್ ಮಾಡಿ, ಅಥವಾ ಸಹಾಯವಾಣಿಗೆ, ಅಥವಾ ನನಗೆ ಮೆಸೇಜ್ ಹಾಕಿ. ಸ್ನೇಹಿತರ ಬಗ್ಗೆ ಅನುಮಾನ ಇದ್ರೆ ನೇರವಾಗಿ ಕೇಳಿ, ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗತ್ತೆ ಅನ್ನೋದು ನಿಜ ಅಲ್ಲ.

ಗಾಳಿಮಾತು
ನಿರ್ವಾಹಕರು ಹೇಳಿದ್ದಕ್ಕ ನೆನಪಾತು, ಜರ್ಮನಿಯ ಗಯಟೆ ಬರದ ವೆರ್ಥರನ ಕಾದಂಬರಿ, 1774ರಾಗ ಬಂದದ್ದು, ಕಡೀಕ ಆ ವೆರ್ಥರ್ ಆತ್ಮಹತ್ಯೆ ಮಾಡ್ಕೋತಾನ. ಅದನ್ನ ಓದಿ ಹುಡುಗ್ರು ಅವನ ಹಂಗ ನೀಲಿ ಕೋಟು ಹಳದಿ ವೇಸ್ಟ್‌ಕೋಟು ಹಾಕ್ಕೊಂಡು ತಿರಗ್ಲಿಕ್ಕೆ ಶುರು ಮಾಡಿದ್ರು, ಅವನ ಹಂಗ ಸಾಯ್ತಾರ ಅಂತ ಹೆದರಿ ಮರುವರ್ಷ ಲೈಪ್‌ಜಿಗ್ ಊರಾಗ ಪುಸ್ತಕ ಅಷ್ಟ ಅಲ್ಲ ಆ ಉಡುಪನ್ನೂ ಬಂದ್ ಮಾಡಿದ್ರು. ಮುಂದ 1974ರಾಗ, ಬರೋಬ್ಬರಿ ಇನ್ನೂರು ವರ್ಷಕ್ಕ, ಡೇವಿಡ್ ಫಿಲಿಪ್ಸ್ ಅನ್ನಾಂವ ಇಂಥಾ ಅನುಕರಣೆಗೆ ವೆರ್ಥರ್ ಪರಿಣಾಮ ಅಂತ ಹೆಸರಿಟ್ಟ. ಕಾದಂಬರಿ ಬರೀ ಕಾದಂಬರಿ ಅನ್ನೂ ಅರ್ಧಓದು ಸಾಹೇಬ್ರಿಗೆ ಇದು.

ಅರ್ಧಓದು
ಫಿಲಿಪ್ಸ್ ಹೆಸರು ಕಾದಂಬರಿಯಿಂದ ತಗೊಂಡ ಅಷ್ಟೇ ಗುರು, ಅವನು ನೋಡಿದ್ದು ಪೇಪರಿನ ಮುಖಪುಟದ ಸುದ್ದಿಗಳನ್ನ. ನಿಜವಾದ ಮನುಷ್ಯರ, ಅದ್ರಲ್ಲೂ ಹೆಸರುವಾಸಿ ಜನರ ಸಾವಿನ ಸುದ್ದಿಗೆ ಸಾಕ್ಷ್ಯ ಗಟ್ಟಿ ಇದೆ, ಕಥೆಗಳ ವಿಷಯದಲ್ಲಿ ಅಷ್ಟು ಗಟ್ಟಿ ಇಲ್ಲ. ಅಷ್ಟಕ್ಕೆ ಬರಹಗಾರರ ಕೈ ಕಟ್ಟಬೇಡಿ.

ಹಗಲುಗೂಬೆ
ಇದರಲ್ಲಿ ಅರ್ಧಓದು ಸರಿ ಹೇಳ್ತಿದಾರೆ. ಕೈ ಕಟ್ಟೋದು ಬೇಡ. ಇದಕ್ಕೆ ಉಲ್ಟಾನೂ ಒಂದು ಇದೆಯಲ್ಲ. ಮೊಜಾರ್ಟನ 1791ರ ಮಾಯಾಕೊಳಲು ಆಪೆರಾದಲ್ಲಿ ಪಾಪಗೇನೊ ಅಂತ ಹಕ್ಕಿ ಹಿಡಿಯೋನು ಪ್ರೀತಿ ಕಳ್ಕೊಂಡು ಸಾಯೋಕೆ ಹೊರಟಾಗ ಮೂರು ಹುಡುಗರು ಬಂದು, ಅಯ್ಯಾ ನಿನ್ ಹತ್ರ ಆ ಗಂಟೆ ಇದೆಯಲ್ಲ ಬಾರಿಸು ಅಂತ ನೆನಪು ಮಾಡ್ತಾರೆ. ಅಷ್ಟೇ, ದೊಡ್ಡ ಉಪದೇಶ ಏನಿಲ್ಲ. 2010ರಲ್ಲಿ ವಿಯೆನ್ನಾದ ಸಂಶೋಧಕರು ಪತ್ರಿಕಾ ಬರಹಗಳನ್ನ ನೋಡಿದಾಗ, ಸಾಯೋ ಯೋಚನೆ ಬಂದು ಅದನ್ನ ದಾಟಿ ಬಂದೋರ ಬಗ್ಗೆ ಬರೆದ ಬರಹಗಳ ನಂತರ ಆತ್ಮಹತ್ಯೆ ಕಡಿಮೆ ಇರೋದು ಕಂಡು ಅದಕ್ಕೆ ಪಾಪಗೇನೊ ಪರಿಣಾಮ ಅಂತ ಇವನ ಹೆಸರನ್ನೇ ಇಟ್ರು. ಖಾಲಿಹಾಳೆ ಬರೆದ ಥರದ ಮಾತು ಅಂದ್ರೆ ಅದೇ.

ಗಾಳಿಮಾತು
ಸರಿ, ಸೋತೆ. ಆದ್ರ ಪೇಪರ್ ಮಾತ ಬಂತಲ್ಲ, ಕನ್ನಡ ಪೇಪರಿನವ್ರು 'ಆತ್ಮಹತ್ಯೆಗೆ ಶರಣು' ಅಂತ ಬರೀತಾರಲ್ರಿ, ನನಗ ಓದಿದಾಗೊಮ್ಮೆ ಮೈ ಉರೀತದ. ಶರಣು ಅಂದ್ರ ದೇವರಿಗೆ ಹೋಗೂದು, ಆಸರ ಸಿಗೂ ಜಾಗಕ್ಕ ಹೋಗೂದು. ಸಾವನ್ನ ಆಸರ ಮಾಡಿ ಕೂಡಿಸ್ಯಾರ ಒಂದ ಶಬ್ದದಾಗ. ಲೇಖಕರ, ನಿಮ್ಮ ಪುಸ್ತಕದಾಗ ಆ ಶಬ್ದ ಇದ್ರ ನಾ ಓದೂದಿಲ್ಲ ಈಗ ಹೇಳೀನಿ.

ಮಸಿಕುಡಿಕೆ
ಒಂದು ಕಡೆ ಇದೆ 🙈 ಪೇಪರ್ ಕಟಿಂಗ್ ಬರೋ ದೃಶ್ಯದಲ್ಲಿ. ಅಲ್ಲಿ ಇರಲಿ, ಆದ್ರೆ ಅವಳ ಅಮ್ಮ ಅದನ್ನ ಓದಿ ಆ ಪದದ ಮೇಲೇ ಜಗಳ ತೆಗೀಲಿ ಅನ್ನಿಸ್ತಿದೆ ಈಗ.

ಅರ್ಧಓದು
ನೋಡಿ, ಅಮ್ಮ ಜಗಳ ತೆಗೆಯೋದು ಅಂದ್ರಲ್ಲ, ಅದು ಕಥೆ. ಫೋನ್ ಓಪನ್ ಆಗ್ದೇ ನಾಲ್ಕು ಜನ ತಲೆ ತಗ್ಗಿಸಿ ಹೋಗೋದು ಕಥೆ ಅಲ್ಲ. ನನಗೆ ಇನ್ನೂ ಉತ್ತರ ಬೇಕು, ಆದ್ರೆ 'ಯಾಕೆ' ಅನ್ನೋದಕ್ಕೇ ಬೇಕು ಅಂತ ಹಟ ಇಲ್ಲ. 'ಯಾರು' ಅಂತ ಆದ್ರೂ ಗೊತ್ತಾಗ್ಲಿ. ಅವಳು ಯಾರು ಅಂತ. ಗಾಳಿಮಾತು ಮೊದ್ಲೇ ಹೇಳಿದ್ರು, ನಾನು ಆಗ ಕಿಟಕಿ ಬಗ್ಗೆ ಜೋಕ್ ಮಾಡ್ತಾ ಕೂತಿದ್ದೆ.

ಎರಡನೇಬೆಂಚು
ನಾಲ್ಕು ಜನರಿಗೂ ನಾಲ್ಕು ಬೇರೆ ಬೇರೆ ಹುಡುಗಿ ಸಿಗ್ತಾಳೆ, ಅದು ಮಾತ್ರ ಗ್ಯಾರಂಟಿ. ನಾವು ಅವಳ ಬಗ್ಗೆ ಕೂತು ಮಾತಾಡಿದಾಗ ಗೊತ್ತಾಗಿದ್ದು, ಒಬ್ಬಳಿಗೆ ಅವಳು ಮಹಾ ಮೌನಿ, ಇನ್ನೊಬ್ಬಳಿಗೆ ಬಾಯಿ ಮುಚ್ಚಿಸೋಕೇ ಆಗ್ತಿರಲಿಲ್ಲ ಅಂತೆ. ನನಗೆ ಫೋನ್ ಮಾಡಿದ್ರೆ ಹಲೋ ಅಂತಿರ್ಲಿಲ್ಲ, ಅರ್ಧ ವಾಕ್ಯದಿಂದ ಶುರು, 'ಅಲ್ವೇ ಅದಕ್ಕೇ ನಾನು ಹೇಳಿದ್ದು' ಅಂತ, ಏನು ಹೇಳಿದ್ದು ಯಾವಾಗ ಹೇಳಿದ್ದು ದೇವರಿಗೇ ಗೊತ್ತು. ನಾವು ಅವತ್ತು ನಕ್ಕಿದ್ವಿ, ಅವಳು ಹೋದ್ಮೇಲೆ ಮೊದಲನೇ ಸಲ. ಆಮೇಲೆ ಒಬ್ಬಳು ಅತ್ತಳು, ನಕ್ಕಿದ್ದಕ್ಕೆ.

ಖಾಲಿಹಾಳೆ
ನಕ್ಕಿದ್ದು ಒಳ್ಳೇದಾಯ್ತು. ನಾನು ಹೋಗಿದ್ರೆ ನನ್ನ ಫ್ರೆಂಡ್ಸ್ ಕೂಡ ನಗಲಿ ಅಂತ ಇರ್ತಿತ್ತು ನನಗೆ. ನಾನು ಸ್ಕೂಟರ್ ಓಡಿಸೋದನ್ನ ನೆನೆಸ್ಕೊಂಡ್ರೆ ನಗದೇ ಇರೋಕೆ ಸಾಧ್ಯ ಇಲ್ಲ ಬಿಡಿ.

ಮಸಿಕುಡಿಕೆ
ಎರಡೂ ಡ್ರಾಫ್ಟ್ ಪಕ್ಕಕ್ಕೆ ಇಟ್ಟೆ. ಫೋನ್ ಓಪನ್ ಆಗತ್ತೆ, ಮೆಸೇಜೂ ಇರತ್ತೆ, ಆದ್ರೆ ಅದು ಏನೇನೂ ಅಲ್ಲದ ಮೆಸೇಜ್. ಯಾರಿಗೋ ಏನೋ ಕೇಳೋಕೆ ಹೊರಟು ಅರ್ಧಕ್ಕೆ ಬಿಟ್ಟಿದ್ದು. ನಾಲ್ಕು ಜನ ಅದ್ರ ಮೇಲೆ ಜಗಳ ಆಡ್ತಾರೆ, ಜಗಳ ಆಡ್ತಾ ಆಡ್ತಾ ಅವಳ ದನಿ ಅಣಕಿಸಿ ತೋರಿಸೋಕೆ ಶುರು ಮಾಡ್ತಾರೆ, ಹೀಗೆ ಹೇಳ್ತಿದ್ಲು ಅಲ್ಲ ಹೀಗೆ ಅಂತ. ಅಲ್ಲಿಗೆ ನಿಲ್ಲಿಸ್ತೀನೇನೋ ಗೊತ್ತಿಲ್ಲ. ಕಿಟಕಿ ಮೂರೂ ಹೋಯ್ತು. ಅವಳು ಬದುಕಿರೋ ಪುಟ ಆರರಿಂದ ಅರವತ್ತು ಆಗ್ಬೇಕು, ಅಂದ್ರೆ ಇನ್ನೊಂದು ವರ್ಷ ಗ್ಯಾರಂಟಿ, ಎಡಿಟರಿಗೆ ಏನ್ ಹೇಳೋದೋ.

@ಎರಡನೇಬೆಂಚು ಒಂದು ಕೇಳ್ಲಾ, ಬೇಡ ಅಂದ್ರೆ ಬೇಡ. ಆ ಮೆಸೇಜಿಗೆ ಸ್ಟೇಪ್ಲರ್ ತಗೊಳ್ಳಬಹುದಾ? ಬೇರೆ ಏನು ಯೋಚನೆ ಮಾಡಿದ್ರೂ ಮಾಡಿಟ್ಟ ಹಾಗೆ ಕಾಣತ್ತೆ.

ಎರಡನೇಬೆಂಚು
ಅರ್ಧ ಗಂಟೆ ಯೋಚ್ನೆ ಮಾಡ್ದೆ. ಆ ಹಲೋ ಇಲ್ಲದೇ ಶುರು ಮಾಡೋದನ್ನ ತಗೊಳ್ಳಿ, ಅವಳಿಗೂ ಖುಷಿ ಆಗ್ತಿತ್ತು. ಸ್ಟೇಪ್ಲರ್ ಬೇಡ.

ಮಸಿಕುಡಿಕೆ
ಸರಿ.